ಪಾಲಮ್ಮನ ಬುಟ್ಟಿ

ಒಂದು ದಿನದ ಬೆಲೆ ಒಂದು ಲೋಟ ಮಜ್ಜಿಗೆ. ಹಬ್ಬದ ದಿನಕ್ಕೂ ಅಷ್ಟೇ, ಹಲ್ಲುನೋವಿನ ದಿನಕ್ಕೂ ಅಷ್ಟೇ. ನಗಬೇಡಿ, ಮೋಡದ ಮೇಲಿನ ಒಂದೂರಲ್ಲಿ ಹಾಗಿತ್ತು. ವಿಧಿದೇವತೆ ಪಾಲಮ್ಮ ಮುಂಜಾನೆ ಬುಟ್ಟಿ ಹೊತ್ತು, "ದಿನಾ ಬೇಕೇನಮ್ಮಾ, ದಿನಾ!" ಎಂದು ಬೀದಿಯಲ್ಲಿ ಕೂಗುತ್ತ ಬರುವಳು. ಬುಟ್ಟಿ ತುಂಬ ಹಣ್ಣಿನಂಥ ದಿನಗಳು. ಜನ ಮಜ್ಜಿಗೆ ಕೊಟ್ಟು ಸೆರಗೊಡ್ಡುವರು. ಅವಳು ನೋಡದೆ ಕೈಹಾಕಿ ಒಂದನ್ನು ಹಾಕುವಳು. ಆ ಮನೆಗೆ ಸೂರ್ಯ ಹುಟ್ಟುವನು. ಕೊಳ್ಳದ ಮನೆಗೆ ಬೆಳಗೇ ಇಲ್ಲ!

ಆ ಊರಲ್ಲೊಬ್ಬ ಶ್ರೀಮಂತ. ಬೆಂಡೆಕಾಯಿ ಕೊಂಡರೆ ಒಂದೊಂದರ ತುದಿಯನ್ನೂ ಮುರಿದು ನೋಡುವವರ ಪೈಕಿ. ನಮ್ಮಲ್ಲೂ ಇದ್ದಾರೆ ನೋಡಿ, ಹಿಂದಿನ ಸಾಲಲ್ಲಿ ಯಾರೋ ತಲೆ ತಗ್ಗಿಸಿದರು! ಅವನ ಒಬ್ಬಳೇ ಮಗಳ ಮದುವೆ. ಗಂಡಿನ ದಿಬ್ಬಣ ಮನೆಗೆ ಬಂದಾಗಿತ್ತು. ಮಗಳಿಗೆ ಒಂದೂ ಕುಂದಿಲ್ಲದ ದಿನ ಬೇಕೆಂದು ಅವನು ಬುಟ್ಟಿಯ ಮುಂದೆ ಕುಕ್ಕರಿಸಿದ.

"ಇದರಲ್ಲಿ ಮಳೆ ಇದೆ." ಪಕ್ಕಕ್ಕಿಟ್ಟ. "ಇದರಲ್ಲಿ ಬೀಗಿತ್ತಿ ಮುನಿಸು." ಮೂಸಿ ಬಿಟ್ಟ. "ಥೂ, ಸಾರು ಸೀದಿದೆ!"

"ಯಜಮಾನ್ರೇ, ಹುಳುಕಿಲ್ಲದ ದಿನ ನಾನೇ ಕಂಡಿಲ್ಲ. ಮುಟ್ಟಿ ಮುಟ್ಟಿ ಬಾಡಿಸ್ತೀರಲ್ಲ!" ಎಂದಳು ಪಾಲಮ್ಮ.

"ಒಳ್ಳೇದನ್ನ ತಳದಲ್ಲಿ ಬಚ್ಚಿಟ್ಟಿದ್ದೀಯ, ನಂಗೊತ್ತು. ತೆಗಿ ಕೈ!"

ತಳ ಕಾಣುವಷ್ಟರಲ್ಲಿ, ಆಗಲೇ ದಿನ ಕೊಂಡಿದ್ದ ಊರಿಗೆಲ್ಲ ಸಂಜೆ. ಒಂದು ದಿನವಲ್ಲ, ಎರಡು ದಿನವಲ್ಲ, ಆರು ದಿನ ಇದೇ ಪಾಡು! ಅವನ ಮನೆಗೆ ಮಾತ್ರ ಮಬ್ಬು ಹರಿಯಲಿಲ್ಲ. ಕೂಗಲೆಂದು ಬಾಯಿ ತೆರೆದ ಹುಂಜ ತೆರೆದೇ ನಿಂತಿತು. ಹೋಳಿಗೆ ಎಷ್ಟು ಗಟ್ಟಿಯಾಯಿತೆಂದರೆ ಮಕ್ಕಳು ಅದರಲ್ಲಿ ಕುಂಟೆಬಿಲ್ಲೆ ಆಡಿದರು. ಏಳನೆಯ ಮುಂಜಾನೆ ಬೀಗರು ಗಂಟುಮೂಟೆ ಕಟ್ಟಿದರು. "ಬೆಳಗೇ ಆಗದ ಮನೇಲಿ ಧಾರೆ ಎರೆಯೋದು ಯಾವಾಗ ಸ್ವಾಮಿ? ನಾವು ಹೊರಟ್ವಿ."

ಶ್ರೀಮಂತ ಕೂತಲ್ಲಿಂದಲೇ "ನಿಲ್ಲಿ, ನಿಲ್ಲಿ" ಎಂದ. ಆದರೂ ಕೈ ಬುಟ್ಟಿ ಬಿಡಲಿಲ್ಲ! ಆಗ ಮಗಳೇ ಮಜ್ಜಿಗೆ ಹಿಡಿದು ಬಂದು ಸೆರಗೊಡ್ಡಿದಳು.

"ಅಪ್ಪಾ, ಆ ಕಡೆ ಸರಿ. ಪಾಲಮ್ಮಾ, ಕೈಗೆ ಸಿಕ್ಕಿದ್ದು ಹಾಕು ತಾಯಿ."

"ಅಯ್ಯೋ, ಅದರಲ್ಲಿ ಮಳೆ ಇದೆ ಕಣೇ!"

"ಇರಲಿ ಬಿಡಪ್ಪ, ಅದರಲ್ಲಿ ಗಂಡೂ ಇದ್ದಾನಲ್ಲ!"

ಸೂರ್ಯ ಹುಟ್ಟಿದ. ಹುಂಜ ಆರು ದಿನದ ಬಾಕಿಯನ್ನೂ ಸೇರಿಸಿ ಕೂಗಿತು. ಮಳೆಯೂ ಬಂತು. ಮೋಡದ ಮೇಲಿನ ಊರಿಗೆ ಮಳೆ ಎಲ್ಲಿಂದ ಅನ್ನಬೇಡಿ, ಕೆಳಗಿನಿಂದ ಬಂತು! ಹಸು ಹಾರ ತಿಂದಿತು, ಬೀಗಿತ್ತಿ ಮುನಿದಳು, ಮದುಮಗ ಜಾರಿ ಸೀದಾ ಮಾವನ ಮಡಿಲಲ್ಲಿ ಕೂತ. ಶ್ರೀಮಂತ ನಕ್ಕ ನೋಡಿ, ಹೊಟ್ಟೆ ಹಿಡಿದು ನಕ್ಕ! ಬೀಗಿತ್ತಿಯೂ ತಡೆಯಲಾರದೆ ನಕ್ಕಳು. ಆ ನಗುವಿನಲ್ಲೇ ಮಗಳ ಕೊರಳಿಗೆ ತಾಳಿ ಬಿತ್ತು.

ನಾವೇನು ಮಾಡುತ್ತೇವೆ? ಎದ್ದ ಕೂಡಲೇ ದಿನದ ತುದಿ ಮುರಿಯುತ್ತೇವೆ. ಕಾಫಿ ಆರಿದೆ, ಬಸ್ಸು ತಡ, ಇವತ್ತು ಬೇಡ, ನಾಳೆ ಒಳ್ಳೆಯದು ಬರಲಿ! ಬಿಡಿ ಆ ಚಾಳಿ. ಪಾಲಿಗೆ ಬಂದದ್ದು ಪಂಚಾಮೃತ. ಮಾತು ಬಿಟ್ಟ ತಮ್ಮನ ಮನೆಗೆ ಒಳ್ಳೆಯ ದಿನ ನೋಡಿ ಹೋಗೋಣವೆಂದು ಕೂತಿದ್ದೀರಲ್ಲ, ನಾಳೆಯೇ ಹೋಗಿ. ಮಳೆ ಬಂದರೆ ಕೊಡೆ ಹಿಡಿದು ಹೋಗಿ.

ಆ ಶ್ರೀಮಂತನಿಗೆ ಹೋದದ್ದು ಆರು ದಿನ, ಅವು ಮತ್ತೆ ಬುಟ್ಟಿಗೆ ಬರಲಿಲ್ಲ. ಸಿಕ್ಕಿದ್ದು ಒಬ್ಬ ಅಳಿಯ, ಜಾರಿದ್ದಕ್ಕೆ ಸ್ವಲ್ಪ ಕುಂಟುತ್ತಿದ್ದ.