ಮಕ್ಕಳ ಬ್ಯಾಗು

...ಅಯ್ಯೋ, ಅದನ್ನ ಆಟ ಅಂತ ಅನ್ಕೋಬೇಡಮ್ಮಾ. ಕಿಟಕಿಯಿಂದ ನೋಡಿದ್ರೆ ಹಾಗೇ ಕಾಣತ್ತೆ. ದೊಡ್ಡವಳು ಹಗ್ಗ ತಿರುಗಿಸ್ತಾಳೆ, ಚಿಕ್ಕವನು ಹಿಂದೆ ಹಿಂದೆ ಕುಣೀತಾನೆ, ಸರಿ. ಆದ್ರೆ ಒಳಗೊಳಗೇ ಸೊರಗಿ ಹೋಗಿದಾವೆ. ನಾನು ಹೆತ್ತವಳು, ನನಗೆ ಗೊತ್ತಾಗಲ್ವಾ? ...ಯಾಕೆ ನಗ್ತೀಯ? ಚಿಕ್ಕವನು ದಪ್ಪ ಆಗಿದಾನೆ ಅಂತಾನಾ? ಅದು ದಪ್ಪ ಅಲ್ಲ, ಊತ. ಇಲ್ಲಿನ ನೀರೇ ಹಾಗೆ.

ಬಾ, ಈ ಕಡೆ ಕೂತ್ಕೋ, ಆ ಕಿಟಕಿ ಬಿಡು. ಅಷ್ಟು ದೂರ ರೈಲಲ್ಲಿ ಕೂತು ಬಂದಿದೀಯ. ನಿನ್ನ ಅಳಿಯ ಮಿಲ್ಲಿಂದ ಬರೋದ್ರೊಳಗೆ ನಾವಿಬ್ರೂ ಒಂದು ಮಾತಾಡ್ಕೋಬೇಕು. ನೋಡು, ಮಂಚದ ಕೆಳಗೆ ಮಕ್ಕಳ ಬ್ಯಾಗು ರೆಡಿ ಇದೆ. ಇಬ್ಬರ ಬಟ್ಟೇನೂ ಮಡಚಿಟ್ಟಿದೀನಿ. ನೀನು ಹೇಳಬೇಕಾದ್ದು ಇಷ್ಟೇ... ಮಕ್ಕಳಿಗೆ ಈ ಊರು ಒಗ್ಗಿಲ್ಲ, ನಾನು ಕರ್ಕೊಂಡು ಹೋಗ್ತೀನಿ ಅಂತ. ಮಕ್ಕಳು ಹೊರಟ್ರೆ ಹಿಂದೇನೇ ನಾನು. ಆಮೇಲೆ ಅವರೊಬ್ರೇ ಎಷ್ಟು ದಿನ ತಟ್ಟೆ ತೊಳ್ಕೊಂಡು ಇರ್ತಾರೆ? ತಾವಾಗೇ ಹಳೇ ಜಾಗಕ್ಕೆ ವರ್ಗ ಕೇಳ್ಕೋತಾರೆ.

ಹಾಗೆ ನೋಡ್ಬೇಡ. ಮಾತು ಕೊಟ್ಟೋರು ಅವರೇ. ಲಾರಿಗೆ ಸಾಮಾನು ಹತ್ತಿಸೋವಾಗ ನೀನೂ ಅಲ್ಲೇ ನಿಂತಿದ್ದೆ. ಮಕ್ಕಳು ಹೊಂದ್ಕೊಳ್ಳದಿದ್ರೆ ವಾಪಸ್ ಬಂದ್ಬಿಡೋಣ ಅಂದ್ರಾ ಇಲ್ವಾ? ಮಕ್ಕಳಂತೆ, ಮಕ್ಕಳು! ಇವಳು ಹೊಂದ್ಕೊಳ್ಳದಿದ್ರೆ ಅಂತ ಒಬ್ಬರಾದ್ರೂ ಬಾಯಿ ಬಿಟ್ರಾ? ...ಇರಲಿ. ಈಗ ನನ್ನ ಮಾತು ಬೇಡ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ.

ಹ್ಞೂಂ, ಅದು ನನ್ನ ಹೊಲಿಗೆ ಮೆಷಿನ್ನೇ. ಧೂಳು ಕೂರಬಾರದು ಅಂತ ಬಟ್ಟೆ ಮುಚ್ಚಿದ್ದೆ. ಈಗ ಅದರ ಮೇಲೆ ಮಕ್ಕಳ ಪುಸ್ತಕ, ನೀರಿನ ಬಾಟ್ಲಿ, ಎಲ್ಲ ಬಂದು ಕೂತಿದಾವೆ. ಇಲ್ಲ, ಇಲ್ಲಿಗೆ ಬಂದ್ಮೇಲೆ ಒಂದು ಹೊಲಿಗೇನೂ ಹಾಕಿಲ್ಲ. ಹೊಲಿಯೋಕೆ ಕೈಯೊಂದೇ ಸಾಲಲ್ಲಮ್ಮಾ, ಬಾಯಿ ಬೇಕು. ತೋಳು ಎಷ್ಟುದ್ದ, ಕುತ್ತಿಗೆ ಎಷ್ಟು ಇಳಿಸಲಿ, ಸೊಂಟ ಸ್ವಲ್ಪ ಬಿಗಿ ಹಿಡೀಲಾ... ಇದನ್ನೆಲ್ಲ ಯಾವ ಭಾಷೇಲಿ ಕೇಳಲಿ? ಒಂದ್ಸಲ ಪಕ್ಕದ ಮನೆಯಾಕೆ ಬಟ್ಟೆ ತಂದಿದ್ರು. ದೊಡ್ಡವಳನ್ನ ಮಧ್ಯೆ ನಿಲ್ಲಿಸ್ಕೊಂಡೆ, ನಾನಂದಿದ್ದು ಅವರಿಗೆ ಹೇಳು, ಅವರಂದಿದ್ದು ನನಗೆ ಹೇಳು ಅಂತ. ಅವರಿಬ್ರೂ ಅದೇನೋ ಮಾತಾಡ್ಕೊಂಡು ಬಿದ್ದು ಬಿದ್ದು ನಕ್ಕರು. ನಾನು ಟೇಪು ಕುತ್ತಿಗೆಗೆ ಹಾಕ್ಕೊಂಡು ಕಂಬದ ಹಾಗೆ ನಿಂತಿದ್ದೆ. ಆಮೇಲೆ ಏನಂದ್ರೇ ಅಂತ ಕೇಳಿದ್ರೆ, "ಏನಿಲ್ಲಮ್ಮ, ನಿಂಗೆ ಅರ್ಥ ಆಗಲ್ಲ" ಅಂದ್ಲು. ಇಷ್ಟುದ್ದದ್ದು! ಅದಕ್ಕೆ ಮಾತು ಕಲಿಸಿದೋಳು ನಾನು. ಆಕೆಯ ಬಟ್ಟೇನ ಮಾರನೇ ದಿನ ಹಾಗೇ ವಾಪಸ್ ಕೊಟ್ಟು ಕಳಿಸಿದೆ.

ಈಗ ಅಕ್ಕ ತಮ್ಮ ನನ್ನೆದುರೇ ಆ ಭಾಷೇಲಿ ಗುಸುಗುಸು ಅಂತಾರೆ. ಚಿಕ್ಕವನು ನಿದ್ದೇಲಿ ಕನವರಿಸೋದೂ ಅದರಲ್ಲೇ. ಮೊದಲಾದ್ರೆ ಎದೆಗವಚ್ಕೊಂಡು, ಏನಿಲ್ಲ ಪುಟ್ಟಾ, ನಾನಿದೀನಿ ಅಂತಿದ್ದೆ. ಈಗ ಹೆದರಿ ಕೂಗ್ತಿದಾನೋ, ಖುಷಿಗೆ ಕೂಗ್ತಿದಾನೋ, ನನಗೆ ಹೇಗೆ ಗೊತ್ತಾಗಬೇಕು?

...ಇಲ್ಲ, ಅಳ್ತಿಲ್ಲ. ಈರುಳ್ಳಿ ಹೆಚ್ಚಿದ ಕೈ, ಕಣ್ಣಿಗೆ ತಾಗಿರಬೇಕು.

ನೀನೇನೂ ಅನ್ನಬೇಡ, ನಿನ್ನ ಮುಖ ನೋಡಿದ್ರೇ ತಿಳಿಯತ್ತೆ. ಹೊಂದ್ಕೊಂಡಿದಾವಲ್ಲೇ ಅಂತ ಅನ್ಕೋತಿದೀಯ. ಸರಿ, ಹೇಳ್ತೀನಿ, ನಿನ್ನ ಹತ್ರ ಏನು ಮುಚ್ಚುಮರೆ. ಮೊನ್ನೆ ಭಾನುವಾರ ಇಬ್ಬರನ್ನೂ ಮುಂದೆ ಕೂರಿಸ್ಕೊಂಡು ಹೇಳಿಕೊಟ್ಟೆ. ಅಪ್ಪ ಕೇಳಿದ್ರೆ ನಮ್ಮೂರಿಗೆ ಹೋಗೋಣ ಅನ್ನಿ, ಅಜ್ಜಿ ಬೇಕು ಅನ್ನಿ, ಸ್ವಲ್ಪ ಅತ್ತರೂ ಪರವಾಗಿಲ್ಲ ಅಂತ. ಎರಡೂ ತಲೆ ಆಡಿಸಿದ್ವು. ಚಿಕ್ಕವನಿಗೆ ಚಾಕ್ಲೇಟೂ ಆಯ್ತು. ಊಟಕ್ಕೆ ಕೂತಾಗ ನಾನೇ ಮೆಲ್ಲಗೆ ಮಾತು ತೆಗೆದೆ. ಅವರೂ ಕೇಳಿದ್ರು, ಏನ್ರೋ, ವಾಪಸ್ ಹೋಗೋಣ್ವಾ ಅಂತ. ದೊಡ್ಡವಳು ನನ್ನ ಮುಖ ನೋಡಿದ್ಲು, ತಟ್ಟೆ ನೋಡಿದ್ಲು. "ನಂಗೆ ಇಲ್ಲೇ ಇಷ್ಟ" ಅಂದ್ಲು. ತಮ್ಮ ಕೈ ಎತ್ತಿ "ನಂಗೂ" ಅಂದ. ಚಾಕ್ಲೇಟ್ ತಿಂದ ಬಾಯಲ್ಲೇ ಅಂದ ಅಮ್ಮಾ! ಅವರು ಮೀಸೆ ಅಡಿಯಲ್ಲೇ ನಗ್ತಾ ಇನ್ನೊಂದು ಸಲ ಅನ್ನ ಹಾಕಿಸ್ಕೊಂಡ್ರು. ನಾನೇ ಬಡಿಸಿದೆ.

ಗಂಡ ಕೈಕೊಟ್ರೆ ಮಕ್ಕಳಿದಾವೆ ಅಂದ್ಕೊಂಡಿದ್ದೆ. ಹೊತ್ತು ಹೆತ್ತವೇ ಕೈಕೊಟ್ಟ ಮೇಲೆ ಇನ್ಯಾರನ್ನ ನಂಬಲಿ? ಅದಕ್ಕೇ ನಿನಗೆ ಫೋನ್ ಮಾಡಿದ್ದು. ಮಕ್ಕಳು ತುತ್ತು ಮುಟ್ಟಲ್ಲ, ನಿದ್ದೆ ಮಾಡಲ್ಲ, ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಅಳ್ತಾವೆ ಅಂತ ಹೇಳಿದ್ದು...

ಯಾಕೆ? ಯಾಕೆ ಹಾಗೆ ನೋಡ್ತೀಯ? ನಾನು ಹೇಳಿದ್ದೇನೂ ಸುಳ್ಳಲ್ಲ. ತುತ್ತು ಮುಟ್ಟದಿರೋದು ಸುಳ್ಳಲ್ಲ. ನಿದ್ದೆ ಇಲ್ಲದಿರೋದೂ... ಕೈ ಬಿಡು ಅಮ್ಮಾ. ಆ ಉಂಗುರ ಯಾಕೆ ತಿರುಗಿಸ್ತಿದೀಯ? ಸಡಿಲ ಆಗಿಲ್ಲ. ಸೋಪಿನ ನೀರಿಗೆ ಜಾರತ್ತೆ, ಅಷ್ಟೇ.

ಎಲ್ಲಿಗೆ ಎದ್ದೆ? ಬ್ಯಾಗು ಯಾಕೆ ಎಳೀತಿದೀಯ? ...ಅಮ್ಮಾ, ಅದೆಲ್ಲ ಮಕ್ಕಳ ಬಟ್ಟೆ, ಯಾಕೆ ತೆಗೆದು ತೆಗೆದು ಮಂಚದ ಮೇಲೆ ಹಾಕ್ತಿದೀಯ? ಎಷ್ಟು ಚೆನ್ನಾಗಿ ಮಡಚಿದ್ದೆ. ನೀನೂ ಅವರ ಕಡೇನೇ ಸೇರ್ಕೊಂಡ್ಯಾ? ಹೌದು ಅನ್ನು, ಇಲ್ಲ ಅನ್ನು, ಬಂದಾಗಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲ! ನಿನ್ನನ್ನ ನಂಬಿ ಕರೆಸಿದ್ನಲ್ಲ...

ಆ ಬೀರು ಮಕ್ಕಳದಲ್ಲ. ಅದರಲ್ಲಿರೋದು ನನ್ನ ಬಟ್ಟೆ. ಅಮ್ಮಾ, ಅದು ನನ್ನದು, ಅದನ್ನ ಯಾಕೆ ಬ್ಯಾಗಿಗೆ ಹಾಕ್ತಿದೀಯ? ನಾನು ಹೇಗೆ ಬರಲಿ? ಅವುಗಳ ಊಟ ಯಾರು... ಅವಳ ಜಡೆ ಯಾರು ಹಾಕ್ತಾರೆ... ನಾನಿಲ್ಲದಿದ್ರೆ ಆ ಮಕ್ಕಳು...

...ಕೇಳಿಸ್ತಿದೆ. ಕಿಟಕಿ ತೆಗೀಬೇಡ, ಮುಚ್ಚಿದ್ರೂ ಕೇಳಿಸ್ತಿದೆ. ಹಾಗೆ ಗಟ್ಟಿಯಾಗಿ ನಗ್ತಿರೋದು ನಮ್ಮ ಚಿಕ್ಕವನೇ.

ನನಗೆ ಆಗಲ್ಲಮ್ಮಾ ಈ ಊರು. ನನಗೇ ಆಗಲ್ಲ.

...ಆ ನೀಲಿದೂ ಹಾಕು.