ಪೂರ್ತಿ ಒಂದು ನಿಮಿಷ

ಎಲ್ಲರಿಗೂ ಶರಣು ಶರಣಾರ್ಥಿ. ವೇದಿಕೆಯ ಮೇಲಿರುವ ನಮ್ಮ ಆಸ್ಪತ್ರೆಯ ಅಧ್ಯಕ್ಷರಾದ ನಿಜಲಿಂಗಪ್ಪನವರೇ, ನಮ್ಮ ಶಾಮಲಾಳ ಯಜಮಾನರಾದ ಬಸವಲಿಂಗ ಅವರೇ, ಮಕ್ಕಳೇ, ಅಂಗಡಿ ಬಾಗಿಲು ಹಾಕಿ, ಡ್ಯೂಟಿ ಬದಲಿಸಿಕೊಂಡು ಪುಣೆಯ ಮೂಲೆಮೂಲೆಯಿಂದ ಈ ಸಂಘದ ಹಾಲಿಗೆ ಬಂದಿರುವ ಬಂಧುಗಳೇ — ನಾನು ಪಂಕಜಾಕ್ಷಿ. ಎಳೆಗೂಸುಗಳ ಐಸಿಯುನಲ್ಲಿ ಶಾಮಲಾಳ ಜೊತೆ ನರ್ಸ್ ಆಗಿದ್ದವಳು. ಮೈಕಿನ ಮುಂದೆ ನಿಂತು ರೂಢಿಯಿಲ್ಲ. ಆದರೆ ಇವತ್ತು ಕೂರುವುದಕ್ಕೂ ಆಗುತ್ತಿಲ್ಲ.

ಹೋದ ವಾರ ಡ್ಯೂಟಿ ಮುಗಿಸಿ ಹೊರಟ ಶಾಮಲಾ ಕಾತ್ರಜದ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಳಿತಳು. ಏಳಲಿಲ್ಲ. ಐವತ್ತು ಕೂಡ ತುಂಬಿರಲಿಲ್ಲ. ಹೀಗೂ ಹೋಗುತ್ತಾರೇನ್ರಿ? ನನಗೆ ಅಳು ಬರುತ್ತಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದೆ. ಯಾಕೆ ಅಂತ ಹೇಳುತ್ತೇನೆ — ತಡೆಯಿರಿ, ಮೊದಲು ಅವಳ ಮಾತು.

ತೊಂಬತ್ತೈದರಲ್ಲಿ ಶಾಮಲಾ ಮುಂಬಯಿಗೆ ಹೋಗಿ, ಜೀವಕ್ಕೆ ಅಪಾಯವಿರುವ ಎಳೆಗೂಸುಗಳ ಆರೈಕೆಯ ತರಬೇತಿ ಮುಗಿಸಿ ಬಂದಳು. ಬಂದವಳೇ ನಮ್ಮಲ್ಲೂ ಶುರು ಮಾಡಿದಳು. ಮುರುಕು ಮಂಚ ಪೇರಿಸಿಟ್ಟಿದ್ದ ಕೋಣೆಯೇ ಕ್ಲಾಸು. ಒಂದು ಕಿಲೋ ಜೋಳದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿ ನಮ್ಮ ಅಂಗೈ ಮೇಲಿಡುತ್ತಿದ್ದಳು — ಹೀಗೆ — "ಇದs ಕೂಸು. ತಲಿ ಹಿಡೀರಿ, ಕುತ್ತಿಗಿ ಜೋಲಬಾರದು." ನಾವು ಕಿಸಕ್ಕನೆ ನಗುತ್ತಿದ್ದೆವು. ಹಿಟ್ಟು ಚೆಲ್ಲಿದವರಿಗೆ ಅವತ್ತು ಚಹಾ ಇಲ್ಲ!

ಅಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಾಳಲ್ಲ, ಮಾಧುರಿ. ಅವಳೂ ಆ ತರಬೇತಿಯಲ್ಲಿ ಕಲಿತವಳು. ಮೊದಲ ದಿನ ಕೂಸಿನ ಉಸಿರನ್ನು ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ಬರೆಯಲು ಹೊರಟಳು. ದೊಡ್ಡವರ ವಾರ್ಡಿನಲ್ಲಿ ನಾವೆಲ್ಲ ಮಾಡುವುದು ಹಾಗೇ. ಶಾಮಲಾ ಪೆನ್ನು ಕಸಿದುಕೊಂಡಳು.

"ಯಾಕವಾ, ಉಳಿದ ಹೊತ್ತು ಕೂಸು ಉಸಿರಾಡ್ತು ಅಂತ ನಿನಗ ಯಾರ ಹೇಳಿದ್ರು?"

"ಸಿಸ್ಟರ್, ಲೆಕ್ಕ ಅಷ್ಟs ಬರತದರಿ."

"ನಿನ್ನ ಲೆಕ್ಕ ಸುಡ್ಲಿ! ಇಷ್ಟ ಸಣ್ಣ ಕೂಸು ಉಸಿರಾಡತದ, ನಡುವ ನಿಲ್ಲಸತದ, ಮತ್ತ ಆಡತದ. ಕೈ ಹಿಂದ ಕಟ್ಟಕೋ. ಹೊಟ್ಟಿ ನೋಡು. ಪೂರ್ತಿ ಒಂದು ನಿಮಿಷ. ಗುಣಿಸಬ್ಯಾಡ."

ಗುಣಿಸಬ್ಯಾಡ! ಅವಳ ಬೆನ್ನ ಹಿಂದೆ ನಾವು ಅವಳಿಗೆ ಇಟ್ಟ ಹೆಸರೇ ಅದು — ಗುಣಿಸಬ್ಯಾಡ ಸಿಸ್ಟರ್. ಅವಳಿಗೂ ಗೊತ್ತಿತ್ತು.

ಅದೇ ಮಳೆಗಾಲ, ಇಲ್ಲೇ ಕುಳಿತಿರುವ ನಮ್ಮ ಅವ್ವಮ್ಮನ ಸೊಸೆಗೆ ಏಳನೇ ತಿಂಗಳಲ್ಲೇ ಹೆರಿಗೆಯಾಯಿತು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಯವರು. ಅವ್ವಮ್ಮ ಜೇಜುರಿಯ ಮೈಲಾರಲಿಂಗನ ಗುಡಿಗೆ ಓಡಿದರು, ಹರಕೆ ಹೊತ್ತರು, ಭಂಡಾರದ ಅರಿಶಿನ ತಂದರು. ಕೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯ ಕಿಂಡಿಯಲ್ಲಿ ಅರಿಶಿನದ ಕೈ ತೂರಿಸಲು ಹೋದಾಗ ನಾನು ಚೀರಿದೆ. ಶಾಮಲಾ ಚೀರಲಿಲ್ಲ. "ಯವ್ವಾ, ಒಳಗ ಬ್ಯಾಡ, ಕೂಸಿನ ಮೈ ಇನ್ನಾ ಹಸಿ ಅದ. ಪೆಟ್ಟಿಗಿಗೆ ಹಚ್ಚು. ಮೈಲಾರಲಿಂಗಗ ತಿಳೀತದ." ಡಾಕ್ಟರು ಬಂದು ಹಳದಿ ಗಾಜು ನೋಡಿ, "ಹೇ ಕಾಯ್, ಸಿಸ್ಟರ್?" — ಇದೇನು ಅಂತ ಕೇಳಿದರು. ಹೊರಗಷ್ಟೇ ಹಚ್ಚಿದೆ ಸರ್, ಒರೆಸುತ್ತೇನೆ ಅಂದಳು. ಒರೆಸಿದ್ದನ್ನು ನಾನಂತೂ ನೋಡಲಿಲ್ಲ.

ಆ ಹಳದಿ ಪೆಟ್ಟಿಗೆಯ ಮುಂದೆ ಮಾಧುರಿ ಕೈ ಹಿಂದೆ ಕಟ್ಟಿಕೊಂಡು ಎಣಿಸುತ್ತಿದ್ದಳು. ಇದ್ದ ಒಂದೇ ಮಾನಿಟರ್ ಬೇರೆ ಕೂಸಿಗಿತ್ತು. ಅರ್ಧ ನಿಮಿಷ — ಚೆನ್ನಾಗಿದೆ. ಆಮೇಲೆ ಹೊಟ್ಟೆ ಏಳಲಿಲ್ಲ. — ಏಳಲೇ ಇಲ್ಲ. ತುಟಿ ನೀಲಿಯಾಯಿತು. ಮಾಧುರಿ ಅಂಗಾಲು ತಟ್ಟಿದಳು, ಬೆನ್ನು ತಿಕ್ಕಿದಳು, "ಸಿಸ್ಟರ್!" ಅಂತ ಕೂಗಿದಳು. ಶಾಮಲಾ ಓಡಿ ಬರುವಷ್ಟರಲ್ಲಿ ಕೂಸು ಅಳುತ್ತಿತ್ತು.

ಹದಿನೈದು ಸೆಕೆಂಡಿಗೆ ಗುಣಿಸಿ ಹೋಗಿದ್ದರೆ? ನೀವೇ ಹೇಳಿ. ಆ ಕೂಸು ಇಲ್ಲೇ ಇದೆ — ಅವ್ವಮ್ಮನ ಪಕ್ಕ, ಎರಡು ಜಡೆ ಹಾಕಿಕೊಂಡು, ಆಗಿನಿಂದ ಕಾಲು ಆಡಿಸುತ್ತ. ಆರತಿ ಅಂತ ಹೆಸರು, ಈಗ ಎಂಟು ವರ್ಷ. ಏಳಬ್ಯಾಡವ್ವ, ಕೂಡು.

ಈಗ ಸಿಟ್ಟಿನ ಮಾತು. ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ನರ್ಸ್ ಅಂದಮೇಲೆ ಎಲ್ಲ ವಾರ್ಡಿಗೂ ತಿರುಗಬೇಕು. ಶಾಮಲಾ ಒಬ್ಬಳಿಗೆ ಕಲಿಸಿ ನಿಲ್ಲಿಸುತ್ತಾಳೆ, ಅವಳನ್ನು ಮೂಳೆ ವಾರ್ಡಿಗೆ ಕಳಿಸುತ್ತಾರೆ. ಮತ್ತೊಬ್ಬಳಿಗೆ ಕಲಿಸುತ್ತಾಳೆ, ಅವಳು ಬಾಣಂತಿಯರ ವಾರ್ಡಿಗೆ. ಹೋದ ವರ್ಷ ನನ್ನನ್ನು ಹೊರರೋಗಿಗಳ ಚೀಟಿ ಕೊಡುವಲ್ಲಿ ಕೂರಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಅವಳು ಅಧ್ಯಕ್ಷರ ಬಾಗಿಲಿಗೆ ಅಲೆದಳು. "ಸಾವಕಾರ್ರ, ಕಲತವರ್ನ ಕಳಸಬ್ಯಾಡ್ರಿ" ಅಂತ. ಅಧ್ಯಕ್ಷರು ಒಳ್ಳೆಯವರು, ಪ್ರತಿ ಸಲ ಚಹಾ ತರಿಸಿದರು. "ನೋಡೂಣು ತಗೋವಾ" ಅಂದರು. ನೋಡೂಣು, ನೋಡೂಣು — ಅವಳೇ ಹೋದಳು.

ಉಳಿದವಳು ಮಾಧುರಿ ಒಬ್ಬಳು. ಇವತ್ತು ಬೆಳಿಗ್ಗೆ ಅವಳಿಗೂ ಆರ್ಡರ್ ಬಂತು. ಸೋಮವಾರದಿಂದ ಕಣ್ಣಿನ ವಾರ್ಡು. ಶಾಮಲಾಳ ಆ ಫೋಟೋದ ಮೇಲಿನ ಹಾರ ಇನ್ನೂ ಬಾಡಿಲ್ಲ ರೀ! ಈಗ, ನಾನು ಮಾತಾಡುತ್ತಿರುವಾಗಲೂ, ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಕೂಸುಗಳಿವೆ. ಸೋಮವಾರ ಅವುಗಳ ಮುಂದೆ ಯಾರು ನಿಲ್ಲುತ್ತಾರೆ?

ಅಧ್ಯಕ್ಷರೇ, ನೀವು ಹಿರಿಯರು, ಶಾಮಲಾಳ ಮದುವೆಯಲ್ಲಿ ಅಕ್ಷತೆ ಹಾಕಿದವರು. ಇಂಥ ಸಭೆಯಲ್ಲಿ ಇದನ್ನು ಹೇಳಬಾರದು ಅಂತ ನನಗೆ ಗೊತ್ತು. ಆದರೆ ಸೋಮವಾರಕ್ಕೆ ಮುಂಚೆ ಇನ್ನೊಂದು ಸಭೆ ಇಲ್ಲವಲ್ಲ.

ಸಾಕು. ಇನ್ನು ಮೌನ. ನಮ್ಮ ಸಭೆಗಳ ಒಂದು ನಿಮಿಷ ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತಿದೆ. ಯಾರೋ ಕೆಮ್ಮುತ್ತಾರೆ, ವೇದಿಕೆಯಿಂದ "ಓಂ ಶಾಂತಿ" ಬರುತ್ತದೆ, ಕುರ್ಚಿಗಳ ಸದ್ದು. ಇವತ್ತು ಹಾಗಾಗಬಾರದು. ಮಾಧುರಿ, ಗಡಿಯಾರ ನೀನು ನೋಡು. ನೀನು "ಆಯಿತು" ಅನ್ನುವವರೆಗೆ ಯಾರೂ ಕೂರುವಂತಿಲ್ಲ. ಆರತಿ, ಈಗ ಬಾರವ್ವ. ಮೇಲೆ ಬಾ. ಈ ಅಜ್ಜನ ಮುಂದೆ ನಿಲ್ಲು.

ನಿಜಲಿಂಗಪ್ಪನವರೇ, ನೀವು ಇವಳ ಉಸಿರು ಎಣಿಸಿ.

ಎಲ್ಲಾರೂ ಏಳ್ರಿ. ಕೈ ಹಿಂದ ಕಟ್ಟಕೋರಿ. — ಸಾವಕಾರ್ರ, ಗುಣಿಸಬ್ಯಾಡ್ರಿ.