ಬಿದಿರಿನ ಅಗ್ಗಿಷ್ಟಿಕೆ

ನಿನ್ನ ಮನೆಯಲ್ಲಿ ಒಂದು ವರ್ಷ ದುಡಿಯದ ವಸ್ತುವನ್ನು ಸಂತೆಗೆ ತರಬೇಡ.

ಇಷ್ಟೇ ಕಟ್ಟಳೆ. ಒಂದೇ ಸಾಲು. ಎಳೆ ಮಗುವಿಗೂ ಬಾಯಿಪಾಠ ಆಗುವಂಥದ್ದು. ಈ ಕಥೆಯಲ್ಲಿ ಬರುವ ಕೈಕೆಲಸದವರು ಒಬ್ಬೊಬ್ಬರೂ ಅದನ್ನು ಮುರಿದವರೇ. ಯಾರನ್ನೂ ಬಿಡದೆ ಹೆಸರು ಹಿಡಿದು ಹೇಳುತ್ತೇನೆ, ಕೇಳಿ. ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ.

ಯಾವ ನಾಡು ಅಂತೀರಾ? ಬೆಟ್ಟದಾಚೆ ಅಂದರೆ ನಂಬುವುದಿಲ್ಲ, ಪಕ್ಕದೂರು ಅಂದರೆ ಜಗಳಕ್ಕೆ ಬರುತ್ತೀರಿ. ಒಂದು ನಾಡು ಇತ್ತು ಅಂತಿಟ್ಟುಕೊಳ್ಳಿ. ಅಲ್ಲಿ ವರ್ಷಕ್ಕೆ ಮೂರು ಸಂತೆ. ಮಳೆಗೊಂದು, ಚಳಿಗೊಂದು, ಬೇಸಿಗೆಗೊಂದು. ತರಕಾರಿ ಸಂತೆಯಲ್ಲ, ದನದ ಸಂತೆಯಲ್ಲ, ಕೈಕೆಲಸದವರ ಸಂತೆ. ಕೊಳ್ಳುವವರು ಬೆಲೆ ಕೇಳುವ ಮೊದಲು ಒಂದು ಮಾತು ಕೇಳುತ್ತಿದ್ದರು: "ಇದು ನಿಮ್ಮ ಮನೆಯಲ್ಲಿ ದುಡಿದಿದೆಯಾ?" ಮಾರುವವರು "ದುಡಿದಿದೆ" ಅನ್ನಬೇಕು. ಬೆಲೆಯ ಮಾತು ಆಮೇಲೆ.

ಆ ಸಂತೆಯಲ್ಲಿ ಹೊಂಗೆಮರದ ನೆರಳಿನ ಜಾಗ ಬಿದಿರು ಹೆಣೆಯುವ ಮೇದರ ದುಗ್ಗಪ್ಪನದು. ಅವನ ಅಜ್ಜ ಕೂತದ್ದು ಅಲ್ಲೇ, ಅಪ್ಪ ಕೂತದ್ದೂ ಅಲ್ಲೇ. ಆದರೆ ಸಂತೆಯ ಯಜಮಾನ ಮುದ್ದೇಗೌಡರದು ಒಂದು ಕಟ್ಟುನಿಟ್ಟು. ಒಂದರ ಹಿಂದೆ ಒಂದು ಎರಡು ಸಂತೆಯಲ್ಲಿ ಒಂದಾದರೂ ಮಾರದವನು ನೆರಳು ಬಿಟ್ಟು ಏಳಬೇಕು. ಎದ್ದು ಎಲ್ಲಿಗೆ ಹೋಗಬೇಕು? ಕತ್ತೆ ಕಟ್ಟುವ ಬಯಲಿಗೆ. ಮೇಲೆ ಬಿಸಿಲು, ಪಕ್ಕದಲ್ಲಿ ಕತ್ತೆ, ಎದುರಿಗೆ ಕತ್ತೆ. ಅಲ್ಲಿ ಕೂತವನ ಹತ್ತಿರ ಕೊಳ್ಳಲು ಬಂದವರು ಕತ್ತೆಯ ಬೆಲೆ ಕೇಳಿ ಹೋಗುತ್ತಾರೆ.

ಇಲ್ಲಿಂದ ಕಥೆ ಶುರು. ಆ ವರ್ಷದ ಮಳೆ ಸಂತೆಗೆ ದುಗ್ಗಪ್ಪನ ಹೆಂಡತಿ ಹೊಂಬಾಳಿ ಗೊರಬು ಹೆಣೆದು ತಂದಳು. ಬಿದಿರಿನ ಹಂದರಕ್ಕೆ ಎಲೆ ಹೊದಿಸಿದ್ದು. ತಲೆಯ ಮೇಲೆ ಹಾಕಿಕೊಂಡರೆ ಸೊಂಟದವರೆಗೆ ಒಂದು ಹನಿ ಬೀಳದು. ಹಿಂದಿನ ಮಳೆಗಾಲವಿಡೀ ಅದನ್ನೇ ಹಾಕಿಕೊಂಡು ಗದ್ದೆಗೆ ಹೋಗಿದ್ದವಳು ಅವಳು. ತಂದದ್ದು ಮೂವತ್ತು. ಹೊತ್ತು ನೆತ್ತಿಗೇರುವ ಮೊದಲೇ ಮೂವತ್ತೂ ಖಾಲಿ.

ಅದನ್ನು ಯಾರು ನೋಡಿದರು? ಎಲ್ಲರೂ ನೋಡಿದರು. ಬಡಗಿ ಕಾಳಾಚಾರಿ ನೋಡಿದ. ನೇಕಾರ ಜಡೆಯಪ್ಪ ನೋಡಿದ. ಕುಂಬಾರ ಚೌಡಣ್ಣ ನೋಡಿದ. ನೋಡಿ ಸುಮ್ಮನಿದ್ದರೇ? ಮನುಷ್ಯರಲ್ಲವೇ, ಹೇಗೆ ಸುಮ್ಮನಿರುತ್ತಾರೆ!

ಚಳಿ ಸಂತೆ ಬಂತು. ಆಕಾಶದಲ್ಲಿ ಮೋಡದ ಒಂದು ಚೂರೂ ಇಲ್ಲ. ಸಂತೆಯ ತುಂಬ ಗೊರಬು! ಕಾಳಾಚಾರಿ ತೇಗದ ಗೊರಬು ತಂದಿದ್ದ. ಹಾಕಿಕೊಂಡವನ ಕುತ್ತಿಗೆ ಹೆಗಲೊಳಗೆ ಇಳಿಯುತ್ತಿತ್ತು. ಜಡೆಯಪ್ಪ ಬಟ್ಟೆಯ ಗೊರಬು ತಂದಿದ್ದ, ಅಂಚಿಗೆ ಜರಿ ಬೇರೆ. ದುಗ್ಗಪ್ಪ ನಲವತ್ತು ತಂದಿದ್ದ. ಒಣಗಿದ ಎಲೆ ಸಾಲದೆ ಹಸಿ ಎಲೆ ಹೊದಿಸಿದ್ದ, ಅದು ಸುರುಟಿ ಗೊರಬಿಗೆಲ್ಲ ತೂತು. ಚೌಡಣ್ಣನಿಗೆ ಮಾತ್ರ ಜ್ವರ ಬಂದು ಮಣ್ಣಿನ ಗೊರಬು ಮಾಡಲಾಗಲಿಲ್ಲ. ಮನೆಯಲ್ಲಿ ಬಿದ್ದಿದ್ದ ಚಿಕ್ಕ ಅಗ್ಗಿಷ್ಟಿಕೆಗಳನ್ನೇ ಹೊತ್ತು ತಂದು, ಮುಖ ಸಣ್ಣಗೆ ಮಾಡಿಕೊಂಡು ಕೂತ. ಕೆಂಡ ಹಾಕಿ ಕೈ ಕಾಯಿಸಿಕೊಳ್ಳುವ ಮಣ್ಣಿನ ಬಟ್ಟಲು ಅಷ್ಟೆ. ಚಳಿಗೆ ನಡುಗುತ್ತ ಬಂದ ಜನ ಮುಗಿಬಿದ್ದು ಕೊಂಡರು. ಹೊಂಬಾಳಿಯೂ ಒಂದು ಕೊಂಡಳು.

ಗೊರಬು ಯಾರು ಕೊಂಡರು? ಕಾಳಾಚಾರಿಯದನ್ನು ಅವನ ಬೀಗರು ಮುಲಾಜಿಗೆ ಒಂದು ಕೊಂಡರು. ಜಡೆಯಪ್ಪನದನ್ನು ಅವನ ಅತ್ತೆ ಮರ್ಯಾದೆಗೆ ಒಂದು ಕೊಂಡಳು. ದುಗ್ಗಪ್ಪನಿಗೆ ಬೀಗರಿಲ್ಲ. ಅತ್ತೆ ಇದ್ದಾಳೆ, ಮಾತಿಲ್ಲ. ನಲವತ್ತು ಗೊರಬನ್ನೂ ಹೊತ್ತು ಮನೆಗೆ ಬಂದ.

"ಒಂದು ಸಂತೆ ಹೋಯಿತು ಕಣೇ. ಬೇಸಿಗೆ ಸಂತೆಯಲ್ಲಿ ಒಂದಾದರೂ ಹೋಗದಿದ್ದರೆ ಅಜ್ಜನ ಜಾಗ ಹೋಯಿತು. ಏನು ಮಾರೋಣ ಹೇಳು."

"ಮೊರ ಮಾಡೋಣ" ಅಂದಳು ಹೊಂಬಾಳಿ.

"ನೀನು ಹೆಣೆದ ಮೊರ ಏಳು ವರ್ಷ ಬಾಳುತ್ತೆ. ಎಲ್ಲರ ಮನೆಯಲ್ಲೂ ಇದೆ. ಸ್ವಲ್ಪ ಕೆಟ್ಟದಾಗಿ ಹೆಣೆದಿದ್ದರೆ ನಾವು ಎಲ್ಲೋ ಇರುತ್ತಿದ್ದೆವು."

"ಕೆಟ್ಟದಾಗಿ ಹೆಣೆಯೋಕೆ ನೀನಿದ್ದೀಯಲ್ಲ. ಸರಿ, ಬೀಸಣಿಗೆ ಮಾಡೋಣ. ಬೇಸಿಗೆಗೆ ಬೇಕಾಗುತ್ತೆ."

"ಚಳಿ ಸಂತೆಯಲ್ಲಿ ಒಬ್ಬನಾದರೂ ಬೀಸಣಿಗೆ ಕೊಂಡನಾ? ಇಲ್ಲ ತಾನೇ? ಹೋಗಿದ್ದು ಯಾವುದು? ಅಗ್ಗಿಷ್ಟಿಕೆ!"

"ನಾವು ಮೇದರು ಕಣಯ್ಯ. ಅಗ್ಗಿಷ್ಟಿಕೆಯನ್ನ ಯಾವುದರಲ್ಲಿ ಮಾಡ್ತೀಯ?"

"ಇನ್ಯಾವುದರಲ್ಲಿ ಮಾಡಲಿ? ಬಿದಿರಿನಲ್ಲಿ."

ಹೊಂಬಾಳಿ ನಕ್ಕಳು ನೋಡಿ, ಹಟ್ಟಿಯ ಕೋಳಿಗಳೆಲ್ಲ ಓಡಿಹೋದವು. ದುಗ್ಗಪ್ಪ ನಗಲಿಲ್ಲ. ಒಂದು ದಿನ ಕೇಳಿದ, ಎರಡು ದಿನ ಕೇಳಿದ, ಮೂರನೆಯ ದಿನ ಉಣ್ಣದೆ ಕೂತ. ಹೊಂಬಾಳಿಗೆ ಸಾಕಾಯಿತು. "ಹೋಗಲಿ, ನೋಡೋಕೆ ಚೆನ್ನಾಗಿ ಕಂಡರೆ ಯಾರಾದರೂ ಈರುಳ್ಳಿ ಹಾಕಿಟ್ಟುಕೊಳ್ತಾರೆ" ಅಂತ ಅವಳೂ ಕತ್ತಿ ಹಿಡಿದಳು. ಇಬ್ಬರೂ ಕೂಡಿ ಹನ್ನೆರಡು ಹೆಣೆದರು. ಅವಳ ಕೈಯ ಆರು ಎಷ್ಟು ಚೆಂದ ಅಂತೀರಿ! ಮೂರು ಕಾಲು, ಮೇಲೆ ಹಿಡಿ, ಸುತ್ತ ಹೂಬಳ್ಳಿ. ಅಂಥ ಅಂದದ ಅಗ್ಗಿಷ್ಟಿಕೆ ರಾಜರ ಮನೆಯಲ್ಲೂ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಮಾತ್ರ ದುಗ್ಗಪ್ಪ ಯೋಚಿಸಲಿಲ್ಲ.

ಬೇಸಿಗೆ ಸಂತೆ ಬಂತು. ಕಾಲಿಟ್ಟರೆ ನೆಲ ಸುಡುತ್ತಿತ್ತು. ಸಂತೆಯಲ್ಲಿ ಏನಿತ್ತು? ಕೇಳಬೇಕೇ! ಕಾಳಾಚಾರಿಯದು ಬೀಟೆಮರದ ಅಗ್ಗಿಷ್ಟಿಕೆ. ಜಡೆಯಪ್ಪನದು ಬಟ್ಟೆಯ ಅಗ್ಗಿಷ್ಟಿಕೆ, ನಾಲ್ಕು ಮೂಲೆಗೂ ಗೊಂಡೆ. ಚೌಡಣ್ಣನದೋ, ಚಿಕ್ಕದೇ ಅಷ್ಟು ಹೋಯಿತಲ್ಲ, ದೊಡ್ಡದು ಇನ್ನೆಷ್ಟು ಹೋಗಬೇಡ ಅಂತ ಲೆಕ್ಕ ಹಾಕಿ, ಇಬ್ಬರು ಹಿಡಿದು ಎತ್ತುವಷ್ಟು ದೊಡ್ಡ ಅಗ್ಗಿಷ್ಟಿಕೆ ಮಾಡಿ ಗಾಡಿಯಲ್ಲಿ ತಂದಿದ್ದ. ಒಂದನ್ನಾದರೂ ಮನೆಯಲ್ಲಿಟ್ಟು ನೋಡಿದ್ದನೇ? ಅವನ ಮನೆ ಬಾಗಿಲಲ್ಲಿ ಅದು ತೂರುತ್ತಲೇ ಇರಲಿಲ್ಲ.

ಕೊಳ್ಳುವವರು ಬಂದರು, ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ.

"ಬೀಸಣಿಗೆ ಇದೆಯಾ?"

"ಇಲ್ಲವ್ವ, ಅಗ್ಗಿಷ್ಟಿಕೆ ಇದೆ."

"ನೀರಿನ ಹೂಜಿ?"

"ಅಗ್ಗಿಷ್ಟಿಕೆ ಇದೆ."

"ಕೂರೋಕೆ ಒಂದು ತಣ್ಣನೆ ಚಾಪೆ?"

"ಅಗ್ಗಿಷ್ಟಿಕೆ ನೋಡಿ ತಾಯಿ, ಚೆನ್ನಾಗಿದೆ."

ಆ ತಾಯಿ ನೋಡಿದ ನೋಟಕ್ಕೆ ಅಗ್ಗಿಷ್ಟಿಕೆಯೇ ಬೇಡ, ಕೆಂಡ ತಾನಾಗಿ ಹೊತ್ತಿಕೊಳ್ಳುತ್ತಿತ್ತು.

ಈ ಸಲವೂ ಕಾಳಾಚಾರಿಗೆ ಬೀಗರು ಬಂದರು. ಜಡೆಯಪ್ಪನ ಅತ್ತೆ ಬಟ್ಟೆಯದನ್ನು ತಲೆದಿಂಬಿಗಾದೀತು ಅಂತ ಒಯ್ದಳು. ಚೌಡಣ್ಣನಿಗೆ ಚಳಿಯ ಮಾರಾಟವೇ ಆಸರೆ. ದುಗ್ಗಪ್ಪನ ಹನ್ನೆರಡೂ ಹಾಗೇ ಕೂತಿವೆ. ಹೊತ್ತು ವಾಲಿತು. ಮುದ್ದೇಗೌಡರು ಆ ತುದಿಯಿಂದ ಒಂದೊಂದೇ ಜಾಗ ವಿಚಾರಿಸುತ್ತ ಹೊರಟರು. ದುಗ್ಗಪ್ಪ ಕತ್ತೆ ಕಟ್ಟುವ ಬಯಲಿನ ಕಡೆ ಒಮ್ಮೆ ನೋಡಿದ. ಒಂದು ಕತ್ತೆ ಅವನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಒಬ್ಬ ಅಜ್ಜ ಬಂದ. ಮೊಣಕಾಲವರೆಗೆ ದೂಳು, ಹೆಗಲ ಮೇಲೆ ಕಂಬಳಿ. ಸೀದಾ ಚೌಡಣ್ಣನ ಹತ್ತಿರ ಹೋಗಿ ಅಗ್ಗಿಷ್ಟಿಕೆ ಎತ್ತಲು ನೋಡಿದ, ಆಗಲಿಲ್ಲ. ಕಾಳಾಚಾರಿಯದನ್ನು ಮೂಸಿ ನೋಡಿ ಇಟ್ಟ. ಜಡೆಯಪ್ಪನದರ ಗೊಂಡೆ ಒಮ್ಮೆ ಎಳೆದು ನೋಡಿ ಮುಂದೆ ಬಂದ. ಹೊಂಗೆಮರದ ಕೆಳಗೆ ನಿಂತು ಹೊಂಬಾಳಿ ಹೆಣೆದ ಒಂದನ್ನು ಕೈಗೆತ್ತಿಕೊಂಡ.

"ಆಹಾ, ಹೂವಿನ ಹಾಗಿದೆ! ಮೂರು ಗುಡ್ಡ ಹತ್ತಿ ಇಳಿಯಬೇಕು ನಾನು. ಇಂಥದ್ದೇ ಹಗುರದ್ದು ಬೇಕಿತ್ತು. ಇದರಲ್ಲಿ ಕೆಂಡ ಹಾಕಬಹುದಾ ಮಗ?"

"ಅಗ್ಗಿಷ್ಟಿಕೆ ಅಂದ ಮೇಲೆ ಕೇಳಬೇಕಾ ಅಜ್ಜ? ಒಳಗೆ ಮಣ್ಣು ಮೆತ್ತಿದೀವಿ" ಅಂದ ದುಗ್ಗಪ್ಪ. ಮೆತ್ತಿದ್ದು ಸಗಣಿ. ಅದೂ ಬಣ್ಣಕ್ಕೆ.

"ಇದು ನಿಮ್ಮ ಮನೆಯಲ್ಲಿ ದುಡಿದಿದೆಯಾ?"

"ದುಡಿದಿದೆ."

"ಎಷ್ಟು ದಿನ?"

ಒಂದು ವರ್ಷ ಅಂದಿದ್ದರೆ ಸಾಕಿತ್ತು. ಸುಳ್ಳು ಹೇಳುವವನಿಗೆ ಸಾಕು ಅನ್ನಿಸುವುದೇ ಇಲ್ಲವಲ್ಲ! "ಮೂರು ವರ್ಷ" ಅಂದ.

ಅಜ್ಜನ ಮುಖ ಅರಳಿತು. ಸೊಂಟದ ಗಂಟು ಬಿಚ್ಚತೊಡಗಿದ. ಮುದ್ದೇಗೌಡರು ಇನ್ನು ಮೂರೇ ಜಾಗದ ಆಚೆ ಇದ್ದಾರೆ. ದುಗ್ಗಪ್ಪ ಆಗಲೇ ಅಂಗೈ ಚಾಚಿದ. ಉಳಿಯಿತು, ತನ್ನ ಅಜ್ಜ ಕೂತ ಜಾಗ ಉಳಿಯಿತು!

ಹೊಂಬಾಳಿ ಕೇಳಿದಳು. "ಬೇಸಿಗೆಯಲ್ಲಿ ಅಗ್ಗಿಷ್ಟಿಕೆ ಯಾಕಜ್ಜ? ಈರುಳ್ಳಿ ಹಾಕಿಡೋಕಾ?"

"ಈರುಳ್ಳಿಗ್ಯಾಕವ್ವ! ಮೊಮ್ಮಗಳು ಹೆತ್ತಿದ್ದಾಳೆ. ಹನ್ನೊಂದು ದಿನದ ಕೂಸು. ಬಾಣಂತಿ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕಬೇಕು. ತೊಟ್ಟಿಲ ಕೆಳಗೆ ಇಡ್ತೀವಿ."

ಹೊಂಬಾಳಿಯ ಮುಖದ ನಗು ಅಲ್ಲೇ ನಿಂತಿತು.

"ಇದು ನಮ್ಮ ಮನೆಯಲ್ಲಿ ಒಂದು ದಿನವೂ ದುಡಿದಿಲ್ಲ ಅಜ್ಜ. ಇದನ್ನ ಕೊಡೋದಿಲ್ಲ."

"ಅವಳು ತಮಾಷೆ ಮಾಡ್ತಾಳೆ ಅಜ್ಜ, ಮೊದಲಿಂದಲೂ ಹಾಗೇ" ಅಂತ ದುಗ್ಗಪ್ಪ ಹಲ್ಲು ಕಿರಿದ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಹೊಂಬಾಳೀ, ಒಂದೇ ಒಂದು ಕಣೇ. ಗೌಡರು ಬರ್ತಾ ಇದ್ದಾರೆ. ಹುಷಾರಾಗಿ ಬಳಸಿ ಅಂತ ಹೇಳಿ ಕೊಡೋಣ. ಕೆಂಡ ಕಡಿಮೆ ಹಾಕಿ ಅಂತ ಹೇಳೋಣ. ಕೆಂಡವೇ ಬೇಡ, ಬರೀ ಸಾಂಬ್ರಾಣಿ ಇಡಿ ಅಂತ ಹೇಳೋಣ!"

"ಕೊಡೋದಿಲ್ಲ."

ಅಜ್ಜ ಗಂಟು ಹಿಡಿದುಕೊಂಡು ಇಬ್ಬರನ್ನೂ ನೋಡಿದ. "ಗಂಡ ಮೂರು ವರ್ಷ ಅಂತಾನೆ, ಹೆಂಡತಿ ಒಂದು ದಿನವೂ ಇಲ್ಲ ಅಂತಾಳೆ. ನಾನು ಯಾರ ಮಾತು ನಂಬಲವ್ವ?"

"ಯಾರ ಮಾತೂ ಬೇಡ. ಇಲ್ಲೇ ನಿಂತು ನೋಡಿ."

ಹೊಂಬಾಳಿ ಎದ್ದಳು. ಎದುರಿಗೆ ಕಡಲೆಕಾಯಿ ಹುರಿಯುತ್ತಿದ್ದವಳ ಒಲೆಯಿಂದ ಒಂದು ಸೌಟು ಕೆಂಡ ತಂದಳು. ತನ್ನ ಕೈಯ ಹೂಬಳ್ಳಿಯ ಅಗ್ಗಿಷ್ಟಿಕೆಯನ್ನು ನೆರಳಿನಾಚೆ ಬಿಸಿಲಿಗೆ ತಂದಿಟ್ಟು ಕೆಂಡ ಸುರಿದಳು. ಮೊದಲು ಹೊಗೆ ಎದ್ದಿತು. ಚೆಂದದ ಹೊಗೆ. ದುಗ್ಗಪ್ಪನಿಗೆ ಒಂದು ಗಳಿಗೆ, ಏನೂ ಆಗಲಿಕ್ಕಿಲ್ಲವೇನೋ ಅಂತಲೂ ಅನ್ನಿಸಿತು ನೋಡಿ! ಆಮೇಲೆ ಬಿದಿರು ಪಟ್ ಅಂತ ಸಿಡಿಯಿತು. ಕಾಲು ಮಡಚಿತು. ಹಿಡಿಯವರೆಗೂ ಉರಿ.

ಅಜ್ಜ ನಾಲ್ಕು ಹೆಜ್ಜೆ ಹಿಂದೆ ಹಾರಿದ. ಸಂತೆಯೆಲ್ಲ ನಿಂತು ನೋಡಿತು. ಕಾಳಾಚಾರಿ ತನ್ನ ಬೀಟೆಯದನ್ನು ಮೆಲ್ಲಗೆ ಗೋಣಿಯೊಳಗೆ ತಳ್ಳಿದ. ಜಡೆಯಪ್ಪ ತನ್ನದರ ಮೇಲೆ ಕೂತೇಬಿಟ್ಟ.

"ತೊಟ್ಟಿಲ ಕೆಳಗೆ..." ಅಂದ ಅಜ್ಜ. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿಕೊಂಡ. "ಈಗ ನಾನೇನು ಒಯ್ಯಲವ್ವ?" ಅಂದ.

"ಚಳಿಯಲ್ಲಿ ಚೌಡಣ್ಣನಿಂದ ಕೊಂಡ ಚಿಕ್ಕದೊಂದು ನಮ್ಮ ಮನೆಯಲ್ಲಿದೆ. ಬಾವಿ ಪಕ್ಕದ ಮನೆ. ಒಲೆ ಹತ್ತಿರ ಇದೆ, ತಗೊಂಡು ಹೋಗಿ. ಕೂಸಿನ ಮನೆಗೆ, ದುಡ್ಡು ಬೇಡ."

ಅಜ್ಜ ಆ ಕಡೆ ಹೋದ. ಮುದ್ದೇಗೌಡರು ಈ ಕಡೆ ಬಂದರು. ಕೋಲೂರಿ ನಿಂತು ಬೂದಿ ನೋಡಿದರು, ಮರದ ಕೆಳಗೆ ಉಳಿದ ಹನ್ನೊಂದನ್ನು ನೋಡಿದರು.

"ಏನಾದರೂ ಹೋಯಿತೇನೋ ದುಗ್ಗ?"

ದುಗ್ಗಪ್ಪ ಹೆಂಡತಿಯ ಸೆರಗು ಎಳೆದ. ಪಿಸುಮಾತಿನಲ್ಲಿ ಅಂದ: "ಇನ್ನೂ ಹೊತ್ತು ಮುಳುಗಿಲ್ಲ ಕಣೇ. ಹನ್ನೊಂದು ಇವೆ. ಈರುಳ್ಳಿಗೆ ಬೇಕು ಅನ್ನೋವರು ಯಾರಾದರೂ ಬಂದರೆ..."

ಹೇಳಿದವರ ಬಾಯಿ ಒಣಗಿತು, ಕೇಳಿದವರು ಎದ್ದು ಕಾಲು ಕೊಡವಿಕೊಳ್ಳಿ, ಇನ್ನುಳಿದದ್ದು ಇಷ್ಟೇ. ಹೊಂಬಾಳಿ ಗಂಡನ ಕೈಯಿಂದ ಸೆರಗು ಬಿಡಿಸಿಕೊಂಡಳು. ಹನ್ನೊಂದನ್ನೂ ತೋಳು ತುಂಬ ಬಾಚಿ ತಬ್ಬಿಕೊಂಡು, ನೆರಳು ದಾಟಿ, ಬಿಸಿಲಿಗೆ ಹೋಗಿ, ಇನ್ನೂ ಕೆಂಪಗಿದ್ದ ಆ ಕೆಂಡದ ಮೇಲೆ ಒಂದೊಂದಾಗಿ ಇಟ್ಟಳು.